ಬರಹವಿಲ್ಲದ ಕರಾರು, ಬಾಕಿ ಉಳಿದ ಕೂಲಿ: ಗಡಿನಾಡಿನ ದುಡಿಮೆಗಾರರ ಸಾಕ್ಷ್ಯದ ಚರಿತ್ರೆ

1956ರ ಡಿಸೆಂಬರಿನಲ್ಲಿ ನಾಗಪುರದ ಒಂದು ಬೀಡಿ ಕಾರ್ಖಾನೆಯ ಮೂವರು ಕಾರ್ಮಿಕರು ಹದಿನೈದು ದಿನಗಳ ರಜೆಗೆ ಅರ್ಜಿ ಕೊಟ್ಟು ಕೆಲಸಕ್ಕೆ ಹೋಗಲಿಲ್ಲ. ಮಾಲೀಕರು ಆ ದಿನಗಳ ಕೂಲಿ ಕೊಡಲಿಲ್ಲ. ಕಾರ್ಮಿಕರು ವೇತನ ಪಾವತಿ ಕಾಯಿದೆಯ ಪ್ರಾಧಿಕಾರಿಯ ಮುಂದೆ ಹೋದರು. ಅವರ ಕೈಯಲ್ಲಿ ನೇಮಕದ ಆದೇಶವಿರಲಿಲ್ಲ, ಕರಾರುಪತ್ರವಿರಲಿಲ್ಲ, ಇಷ್ಟು ಗಂಟೆ ದುಡಿಯಬೇಕೆಂಬ ಕಟ್ಟಳೆಯೂ ಇರಲಿಲ್ಲ. ಸಾವಿರ ಬೀಡಿಗೆ ಇಂತಿಷ್ಟು ಎಂಬ ದರ ಮಾತ್ರ ಇತ್ತು. ಬಿರ್ಧೀಚಂದ್ ಶರ್ಮಾ ಪ್ರಕರಣವೆಂದು ಕಾನೂನು ಗ್ರಂಥಗಳಲ್ಲಿ ಹೆಸರಾದ ಈ ತಕರಾರು ನಾಲ್ಕು ವರ್ಷಗಳ ಬಳಿಕ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಹದಿನೈದು ದಿನದ ಕೂಲಿಯ ಸಣ್ಣ ಮೊತ್ತವೊಂದು ಅಷ್ಟು ದೂರ ಹೋದದ್ದೇಕೆ ಎಂಬುದಕ್ಕೆ ಉತ್ತರ ಸರಳ. ಬರಹವಿಲ್ಲದೆ ದುಡಿದವನನ್ನು ‘ಕಾರ್ಮಿಕ’ ಎಂದು ಒಪ್ಪಿಕೊಂಡರೆ ದೇಶದ ಲಕ್ಷಾಂತರ ಬೀಡಿ ಕಟ್ಟುವವರನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ಸೊಲ್ಲಾಪುರದಿಂದ ಕಾಸರಗೋಡಿನವರೆಗೆ ಕನ್ನಡ, ತುಳು, ತೆಲುಗು, ಮರಾಠಿ, ಮಲಯಾಳಂ ಮನೆಮಾತಿನ ಅಸಂಖ್ಯ ಬೀಡಿ ಕಾರ್ಮಿಕರ ಕೂಲಿಯ ಪ್ರಶ್ನೆಯೂ ಇದರಲ್ಲಿ ಅಡಗಿತ್ತು.

ಲಿಖಿತ ಕರಾರಿಲ್ಲದ ದುಡಿಮೆಯನ್ನು ಕುರಿತು ಮಾತನಾಡುವಾಗ ಅಲ್ಲಿ ಬರಹವೇ ಇರಲಿಲ್ಲವೆಂದು ಭಾವಿಸುವುದು ವಾಡಿಕೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಬರಹ ಇತ್ತು, ಅದು ಕೂಲಿ ಕೊಡುವವನ ಬಳಿ ಇತ್ತು. ಮುಂಗಡದ ಲೆಕ್ಕ, ಹಾಜರಿ ಪಟ್ಟಿ, ದಂಡದ ಪುಸ್ತಕ, ತಿರಸ್ಕರಿಸಿದ ಬೀಡಿಯ ಎಣಿಕೆ ಎಲ್ಲವನ್ನೂ ಒಂದೇ ಕೈ ಬರೆಯುತ್ತಿತ್ತು, ದುಡಿದವನ ವಿರುದ್ಧವಾಗಿಯೇ ಬರೆಯುತ್ತಿತ್ತು. ಬಾಕಿ ಕೂಲಿಯ ವಸೂಲಿಯ ಚರಿತ್ರೆ ಎಂದರೆ ಆ ಬರಹವನ್ನೇ ದುಡಿದವನ ಪರವಾಗಿ ಓದಿಸಿದ ಚರಿತ್ರೆ.

ಮೊದಲ ಓದು ಹೇಗಿತ್ತೆಂಬುದಕ್ಕೆ 1859ರ 13ನೆಯ ಕಾಯಿದೆ ಸಾಕ್ಷಿ. ಕೆಲಸಗಾರರ ಕರಾರು ಭಂಗ ಕಾಯಿದೆ ಎಂದು ಕರೆಯಬಹುದಾದ ಇದು ಕಲ್ಕತ್ತೆಯ ವರ್ತಕರ ಒತ್ತಾಯದಿಂದ ಹುಟ್ಟಿ ಮುಂದೆ ನೀಲಗಿರಿ, ವಯನಾಡುಗಳ ತೋಟಗಳಲ್ಲಿ ಹೆಚ್ಚು ಬಳಕೆಯಾಯಿತು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸಲು ಅಥವಾ ಕೆಲಸ ಮುಗಿಸಲು ಆಜ್ಞಾಪಿಸಬಹುದಿತ್ತು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ. ಮೈಸೂರು ಸೀಮೆಯಿಂದ ಮೇಸ್ತ್ರಿಗಳ ಹಿಂದೆ ಘಟ್ಟ ಹತ್ತಿದ ಕನ್ನಡ ಕೂಲಿಗಳ ಬದುಕಿಗೆ ಈ ಕಾಯಿದೆಯ ನೆರಳಿತ್ತು. 1903ರಲ್ಲಿ ಮದರಾಸು ಸರಕಾರ ತೋಟದ ಕೂಲಿಗಳಿಗೆಂದೇ ಪ್ರತ್ಯೇಕ ಕಾಯಿದೆಯನ್ನೂ ಮಾಡಿತು. ಕೆಲಸಗಾರ ಮಾತು ತಪ್ಪಿದರೆ ಅದು ಅಪರಾಧ. ತೋಟದವರು ಕೂಲಿ ತಪ್ಪಿಸಿದರೆ ಅದು ಬರಿಯ ಸಿವಿಲ್ ವ್ಯಾಜ್ಯ. 1872ರ ಕರಾರು ಕಾಯಿದೆ ಬಾಯಿಮಾತಿನ ಒಪ್ಪಂದವನ್ನೂ ಊರ್ಜಿತವೆಂದು ಒಪ್ಪಿತ್ತು ನಿಜ. ಆದರೆ ಅಂಥ ಒಪ್ಪಂದವನ್ನು ರುಜುವಾತುಪಡಿಸಲು ಊರು ಬಿಟ್ಟು ಬಂದ ಕೂಲಿ ಯಾವ ಸಾಕ್ಷಿಯನ್ನು ಕರೆತರಬೇಕಿತ್ತು? ಜೊತೆಗಾರ ಕೂಲಿಯೂ ಅದೇ ಮೇಸ್ತ್ರಿಗೆ ಸಾಲಗಾರ. 1859ರ ಕಾಯಿದೆ ರದ್ದಾದುದು 1926ರಲ್ಲಿ.

ವಯನಾಡಿನಲ್ಲಿ ಬರಹದ ನೆರವೇ ಬೇಕಿಲ್ಲದ ಕರಾರೂ ಇತ್ತು. ಮಾನಂದವಾಡಿಯ ಬಳಿಯ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯ ಹಾಗೂ ಅಡಿಯ ಸಮುದಾಯದವರು ಸಣ್ಣ ಮೊತ್ತದ ಹಣ ಪಡೆದು ವರ್ಷದ ದುಡಿಮೆಗೆ ಒಪ್ಪಿಕೊಳ್ಳುವ ಪದ್ಧತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ನಡೆದಿತ್ತು, ಕೆ. ಪಾನೂರ್ ಅವರ ‘ಕೇರಳತ್ತಿಲೆ ಆಫ್ರಿಕ’ ಆ ಸಮುದಾಯಗಳ ಸ್ಥಿತಿಯನ್ನು ಮಲಯಾಳಂ ಓದುಗರ ಮುಂದಿಟ್ಟಿತು. ದೇವಿಯ ಸನ್ನಿಧಿಯಲ್ಲಿ ಆದ ಒಪ್ಪಂದಕ್ಕೆ ದುಡಿಯುವವನು ಮಾತ್ರ ಬದ್ಧ. ಕನ್ನಡದ ‘ಜೀತ’ ಎಂಬ ಪದದ ಹಾದಿಯನ್ನು ಇಲ್ಲಿ ನೆನೆಯಬಹುದು. ‘ಜೀವಿತ’ದ ತದ್ಭವವಾದ ಅದಕ್ಕೆ ಹಿಂದೆ ಇದ್ದ ಅರ್ಥ ಸಂಬಳ, ದುಡಿಮೆಗೆ ದೊರೆಯುವ ಜೀವನೋಪಾಯ. ಸಂಬಳದ ಹೆಸರೇ ಸಂಬಳವಿಲ್ಲದ ದುಡಿಮೆಗೆ ಹೆಸರಾಗಿ ನಿಂತಿತು.

ಗಿರಣಿಗಳ ಊರಾದ ಸೊಲ್ಲಾಪುರದ ಸ್ಥಿತಿ ಬೇರೆ. ಅಲ್ಲಿನ ಕನ್ನಡ ಕಾರ್ಮಿಕರ ಮಾತಿನಲ್ಲಿ ಸಂಬಳ ‘ಪಗಾರ’ವಾಯಿತು, ಪೋರ್ಚುಗೀಸಿನಿಂದ ಮರಾಠಿಯ ಮೂಲಕ ಬಂದ ಈ ಪದ ತಿಂಗಳ ಗೊತ್ತಾದ ದಿನವನ್ನು ಸೂಚಿಸುವಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಆ ದಿನ ಗೊತ್ತಾದದ್ದು 1936ರ ವೇತನ ಪಾವತಿ ಕಾಯಿದೆಯಿಂದ. ಕೂಲಿ ತಡವಾಗುವುದು, ದಂಡ, ಕಡಿತ ಇವುಗಳನ್ನು ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ರಾಯಲ್ ಆಯೋಗ 1931ರ ವರದಿಯಲ್ಲಿ ಚರ್ಚಿಸಿದ ಮೇಲೆ ಬಂದ ಕಾಯಿದೆ ಇದು. ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ ಏಳು ದಿನದೊಳಗೆ, ಅದಕ್ಕಿಂತ ದೊಡ್ಡದರಲ್ಲಿ ಹತ್ತು ದಿನದೊಳಗೆ ಕೂಲಿ ಸಲ್ಲಬೇಕು. ದಂಡ ರೂಪಾಯಿಗೆ ಅರ್ಧ ಆಣೆ ಮೀರಕೂಡದು, ಅದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಅಕ್ರಮವಾಗಿ ಕಡಿದ ಹಣವನ್ನು, ಅದರ ಹತ್ತು ಪಟ್ಟಿನವರೆಗಿನ ಪರಿಹಾರದೊಡನೆ ಕೊಡಿಸುವ ಅಧಿಕಾರ ಪ್ರಾಧಿಕಾರಿಗೆ ದೊರೆಯಿತು. ಹಲವರು ಸೇರಿ ಒಂದೇ ಅರ್ಜಿ ಕೊಡಬಹುದೆಂಬುದೂ ಸಣ್ಣ ಸಂಗತಿಯಲ್ಲ. ಒಬ್ಬಂಟಿಯಾಗಿ ಕಚೇರಿಗೆ ಹೋದವನ ಕೆಲಸ ಮರುದಿನ ಉಳಿಯುತ್ತಿರಲಿಲ್ಲ.

ಈ ಕಾಯಿದೆಯ ಒಂದು ಸೆಕ್ಷನ್ನು ಭಾಷಾ ಅಲ್ಪಸಂಖ್ಯಾತರ ದೃಷ್ಟಿಯಿಂದ ಇಂದಿಗೂ ಓದಬೇಕಾದದ್ದು. ಕಾಯಿದೆಯ ಸಾರಾಂಶವನ್ನು ಕಾರ್ಖಾನೆಯಲ್ಲಿ ತೂಗುಹಾಕಬೇಕಿತ್ತು. ಅದು ಇಂಗ್ಲಿಷಿನಲ್ಲಿಯೂ ಆ ಕಾರ್ಖಾನೆಯ ಬಹುಸಂಖ್ಯ ಕಾರ್ಮಿಕರ ಭಾಷೆಯಲ್ಲಿಯೂ ಇರಬೇಕು ಎನ್ನುತ್ತಿತ್ತು 25ನೆಯ ಸೆಕ್ಷನ್. ಬಹುಸಂಖ್ಯೆಯನ್ನು ಲೆಕ್ಕ ಹಾಕುವುದು ಕಾರ್ಖಾನೆಯ ಗೋಡೆಯೊಳಗೆ. ಮರಾಠಿ, ತೆಲುಗು, ಕನ್ನಡಗಳು ಒಂದೇ ಮಗ್ಗದ ಸಾಲಿನಲ್ಲಿ ಬೆರೆತಿದ್ದ ಸೊಲ್ಲಾಪುರದಂಥ ಊರಿನಲ್ಲಿ ಮೂರನೆಯ ಭಾಷೆಯವನಿಗೆ ತನ್ನ ಕೂಲಿಯ ಹಕ್ಕು ಬೇರೊಬ್ಬರು ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನು ಮನೆಯಲ್ಲಿ ಕೂತು ಬೀಡಿ ಕಟ್ಟುವವಳಿಗೆ ತೂಗುಹಾಕುವ ಗೋಡೆಯೇ ಇಲ್ಲ.

ಕರಾರು ಬರಹದಲ್ಲಿಲ್ಲದಿದ್ದರೆ ‘ಸಲ್ಲಬೇಕಾದ ಕೂಲಿ’ ಎಷ್ಟೆಂದು ತೀರ್ಮಾನಿಸುವ ಅಧಿಕಾರ ಪ್ರಾಧಿಕಾರಿಗೆ ಇದೆಯೇ? 1955ರ ಡಿ’ಕೋಸ್ಟಾ ತೀರ್ಪು ಇದಕ್ಕೆ ಎಚ್ಚರದ ಉತ್ತರ ಕೊಟ್ಟಿತು. ಒಪ್ಪಂದದ ನಿಬಂಧನೆಗಳು ವಾಸ್ತವವಾಗಿ ಏನಿದ್ದವು, ಅದರಂತೆ ನಿಜವಾದ ಕೂಲಿ ಎಷ್ಟು ಎಂಬುದನ್ನು ಅವನು ನಿರ್ಣಯಿಸಬಹುದು. ಕೆಲಸಗಾರ ಮೇಲಿನ ದರ್ಜೆಯಲ್ಲಿದ್ದಿದ್ದರೆ ಸಿಗಬಹುದಾಗಿದ್ದ ಕೂಲಿಯನ್ನು ಕೊಡಿಸಲಾರ. 1948ರ ಕನಿಷ್ಠ ವೇತನ ಕಾಯಿದೆ ಇದಕ್ಕಿಂತ ದೂರ ಹೋಗಿತ್ತು. ಅದರ ಅನುಸೂಚಿಯಲ್ಲಿ ಬೀಡಿಯೂ ಸೇರಿದಂತೆ ತಂಬಾಕಿನ ಕೆಲಸ ಮೊದಲಿನಿಂದಲೂ ಇತ್ತು. ಸರಕಾರ ದರ ಗೊತ್ತುಪಡಿಸಿದ ಮೇಲೆ ಬಾಯಿಮಾತಿನ ದರವನ್ನು ರುಜುವಾತುಪಡಿಸುವ ಕಷ್ಟ ತಪ್ಪಿತು. ಇಲ್ಲದ ಕರಾರಿನ ಮುಖ್ಯ ಸಾಲನ್ನು ಕಾನೂನೇ ಬರೆದುಕೊಟ್ಟಂತಾಯಿತು. ಕಡಿಮೆ ಕೂಲಿಗೆ ತಾನೇ ಒಪ್ಪಿದ್ದೆನೆಂದು ಕಾರ್ಮಿಕ ಸಹಿ ಮಾಡಿಕೊಟ್ಟಿದ್ದರೂ ಅದು ಅಸಿಂಧು.

ಉಳಿದದ್ದು ಒಂದೇ ಪ್ರಶ್ನೆ, ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು: ಇವರು ಯಾರ ಕಾರ್ಮಿಕರು? ಮಾಲೀಕರ ವಾದ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಬೀಡಿ ಕಟ್ಟುವವನು ತನಗೆ ಬೇಕಾದಾಗ ಬರುತ್ತಾನೆ, ಬೇಕಾದಾಗ ಏಳುತ್ತಾನೆ. ಕೈ ಹೇಗೆ ಆಡಬೇಕೆಂದು ಯಾರೂ ಹೇಳುವುದಿಲ್ಲ. ಎಣಿಸಿ ಕೊಟ್ಟದ್ದಕ್ಕೆ ಹಣ ಪಡೆಯುತ್ತಾನೆ. ಹಾಗಾದರೆ ಅವನು ಸ್ವತಂತ್ರ ಕಸುಬುದಾರನಲ್ಲವೆ? ಕಚ್ಛ್‌ನ ಅಂಚಿನಲ್ಲಿ ಉಪ್ಪು ತೆಗೆಯುವ ಅಗರಿಯರ ವಿಷಯದಲ್ಲಿ (ಧ್ರಾಂಗಧ್ರಾ ಪ್ರಕರಣ, 1956) ನ್ಯಾಯಾಲಯ ಕೆಲಸದ ಮೇಲಿನ ಹಿಡಿತ ಯಾರದೆಂಬ ಒರೆಗಲ್ಲನ್ನು ಹಿಡಿದಿತ್ತು. ಬಿರ್ಧೀಚಂದ್ ತೀರ್ಪು ಆ ಒರೆಗಲ್ಲನ್ನು ಬೀಡಿಯ ಮೊರದ ಮೇಲಿಟ್ಟಿತು. ಬೀಡಿ ಕಟ್ಟುವಂಥ ಸರಳ ಕೆಲಸಕ್ಕೆ ಹೊತ್ತು ಹೊತ್ತಿಗೂ ಮೇಲ್ವಿಚಾರಣೆ ಬೇಕಿಲ್ಲ. ದಿನದ ಕೊನೆಗೆ ಮಟ್ಟಕ್ಕೆ ಬಾರದ ಬೀಡಿಗಳನ್ನು ತೆಗೆದುಹಾಕುವ ಹಕ್ಕಿನಲ್ಲಿಯೇ ಮಾಲೀಕನ ನಿಯಂತ್ರಣ ಇದೆ ಎಂಬುದು ಆ ತೀರ್ಪಿನ ತಿರುಳು.

ಈ ಮಾತಿನ ತೂಕ ಅರಿಯಬೇಕಾದರೆ ‘ಛಾಟ್’ ಎಂಬ ಪದ್ಧತಿಯನ್ನು ತಿಳಿದಿರಬೇಕು. ಕಟ್ಟಿ ತಂದ ಬೀಡಿಗಳನ್ನು ಪರೀಕ್ಷಿಸುವವನು ಸಡಿಲವಾದುದು, ಎಲೆ ಹರಿದುದು, ಮೊಗ ಸರಿಯಾಗಿ ಮಡಿಯದಿದ್ದುದು ಎಂದು ಬೇರ್ಪಡಿಸಿ ಹಾಕುತ್ತಾನೆ. ಬೇರ್ಪಡಿಸಿದ್ದಕ್ಕೆ ಕೂಲಿಯಿಲ್ಲ. ಅದು ಕಟ್ಟಿದವಳ ಕೈಗೂ ಮರಳುವುದಿಲ್ಲ. ಎಲೆ ಕೆಟ್ಟದ್ದಿದ್ದರೆ ತಪ್ಪು ಎಲೆ ಕೊಟ್ಟವರದೋ ಕಟ್ಟಿದವಳದೋ ಎಂಬ ಜಗಳಕ್ಕೆ ಅಲ್ಲಿ ಜಾಗವಿಲ್ಲ. ಬೀಡಿ ಕಾರ್ಮಿಕರ ಕೂಲಿ ಹೆಚ್ಚಾಗಿ ಕರಗಿದ್ದು ಹೀಗೆ, ಕೊಡುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳದೆ. ಕೂಲಿ ಕಡಿಯಲು ಬಳಸಿದ ಅದೇ ಅಧಿಕಾರವನ್ನು ನ್ಯಾಯಾಲಯ ಉದ್ಯೋಗ ಸಂಬಂಧದ ಸಾಕ್ಷ್ಯವಾಗಿ ಎತ್ತಿಕೊಂಡಿತು. ತಿರಸ್ಕರಿಸಬಲ್ಲವನು ಮಾಲೀಕ, ಮಾಲೀಕನಾದುದರಿಂದ ಕೂಲಿಗೆ ಹೊಣೆ.

ದಾರಿ ನೇರವಾಗಿ ಸಾಗಲಿಲ್ಲ. ಮರುವರ್ಷವೇ, 1961ರ ಅಕ್ಟೋಬರಿನಲ್ಲಿ, ಸಿನ್ನರ್‌ನ ಬೀಡಿ ಕಾರ್ಖಾನೆಯೊಂದರ ಪ್ರಕರಣದಲ್ಲಿ (ಶಂಕರ್ ಬಾಲಾಜಿ ವಾಜೆ) ಬಹುಮತದ ತೀರ್ಪು ತಿರುವಿತು. ಅಲ್ಲಿ ಕಾರ್ಮಿಕನಿಗೆ ಬರಲೇಬೇಕೆಂಬ ಕಟ್ಟಳೆಯಿರಲಿಲ್ಲ, ಆದ್ದರಿಂದ ಸೇವಾ ಕರಾರಿಲ್ಲ, ಆದ್ದರಿಂದ ನಾಲ್ಕು ದಿನದ ರಜೆಯ ಕೂಲಿಯೂ ಇಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಾಭಿಪ್ರಾಯ ಬರೆದರು. ಎರಡು ಕಾರ್ಖಾನೆಗಳ ದಿನಚರಿಯಲ್ಲಿದ್ದ ವ್ಯತ್ಯಾಸ ಕೂದಲೆಳೆಯದು. ಒಂದೆಡೆ ಮಧ್ಯಾಹ್ನದೊಳಗೆ ಬಾರದವನಿಗೆ ಆ ದಿನ ಕೆಲಸವಿಲ್ಲ, ಇನ್ನೊಂದೆಡೆ ಅಷ್ಟು ಬಿಗಿಯಿಲ್ಲ. ಕಾರ್ಮಿಕನ ಸ್ವಾತಂತ್ರ್ಯ ಹೆಚ್ಚಿದಷ್ಟೂ ಅವನ ಹಕ್ಕು ಕುಗ್ಗುವ ಈ ತರ್ಕ ಕಾಗದದ ಮೇಲೆ ನಿಲ್ಲುತ್ತದೆ, ಬೀಡಿಯ ಕಾರ್ಖಾನೆಯಲ್ಲಿ ನಿಲ್ಲುವುದಿಲ್ಲ. ಕೆಲಸಕ್ಕೆ ಬಾರದಿರುವ ಸ್ವಾತಂತ್ರ್ಯಕ್ಕೆ ಅವನು ತೆರುವ ಬೆಲೆ ಆ ದಿನದ ಊಟ.

1964ರ ದಿವಾನ್ ಮೊಹಿದೀನ್ ಸಾಹಿಬ್ ತೀರ್ಪು ಬಂದುದು ಸೇಲಂ ಕಡೆಯ ಬೀಡಿ ಕಾರ್ಮಿಕ ಸಂಘದ ತಕರಾರಿನಲ್ಲಿ. ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ ಹೊಸೂರು ಆಗ ಸೇಲಂ ಜಿಲ್ಲೆಗೇ ಸೇರಿತ್ತು. ಇಲ್ಲಿ ಬರಹದ ಕರಾರು ಇತ್ತು, ಕಂಪನಿ ಮತ್ತು ಮಧ್ಯವರ್ತಿಗಳ ನಡುವೆ. ಮಧ್ಯವರ್ತಿ ಎಲೆ, ತಂಬಾಕನ್ನು ‘ಕೊಂಡು’ ಬೀಡಿಯನ್ನು ‘ಮಾರುತ್ತಾನೆ’, ಕಾರ್ಮಿಕರು ಅವನ ಜನ, ಕಂಪನಿಗೂ ಅವರಿಗೂ ಸಂಬಂಧವಿಲ್ಲ ಎಂದು ಆ ಕಾಗದ ಹೇಳುತ್ತಿತ್ತು. ನ್ಯಾಯಾಲಯ ಅದನ್ನು ತೋರಿಕೆಯೆಂದು ಬದಿಗಿಟ್ಟು ಕಾರ್ಮಿಕರು ಕಂಪನಿಯವರೇ ಎಂದಿತು. ಬರೆದದ್ದು ಸುಳ್ಳಾಗಿ ಬರೆಯದಿದ್ದುದು ನಿಜವಾದ ಇಂಥ ತೀರ್ಪು ಸಾಕ್ಷ್ಯಶಾಸ್ತ್ರದ ವಿದ್ಯಾರ್ಥಿಗೆ ಪಾಠ. ಸಾಹಿತ್ಯದ ವಿದ್ಯಾರ್ಥಿಗೂ ಹೌದು.

ಕಾಸರಗೋಡಿನ ಕತೆ ಇದರೊಳಗೆ ಬೇರೊಂದು ದಿಕ್ಕಿನಿಂದ ಬರುತ್ತದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಅದು ಕೇರಳಕ್ಕೆ ಸೇರಿ ಕಣ್ಣೂರು ಜಿಲ್ಲೆಯ ಭಾಗವಾಯಿತು. ಒಂದೇ ಬೀಡಿ ಉದ್ದಿಮೆಯ ನಡುವೆ ರಾಜ್ಯದ ಗೆರೆ ಬಿತ್ತು. ಮದರಾಸು 1958ರಲ್ಲಿ, ಕೇರಳ 1961ರಲ್ಲಿ ಬೀಡಿ ಕೆಲಸದ ಸ್ಥಳಗಳನ್ನು ಕುರಿತು ಕಾಯಿದೆ ಮಾಡಿದವು. ಒಂದು ರಾಜ್ಯ ಕಾಯಿದೆ ಬಿಗಿಮಾಡಿದರೆ ಕೆಲಸ ಪಕ್ಕದ ರಾಜ್ಯಕ್ಕೆ ಹೋಗುವುದು ಈ ಉದ್ದಿಮೆಯ ರೂಢಿಯಾಗಿತ್ತು. ಎಲೆ, ತಂಬಾಕು ಬಿಟ್ಟರೆ ಬೇರೆ ಬಂಡವಾಳ ಬೇಡದ ಕೆಲಸ. ಯಂತ್ರ ಸಾಗಿಸುವ ಕಷ್ಟವಿಲ್ಲ. ಗಡಿಯೆಂಬುದು ಗಡಿನಾಡಿನ ಕನ್ನಡಿಗನಿಗೆ ಭಾಷೆಯ ಪ್ರಶ್ನೆಯಾಗಿಯೇ ಕಾಣುತ್ತಾ ಬಂದಿದೆ. ಅದು ಕೂಲಿ ತಪ್ಪಿಸಿಕೊಳ್ಳುವ ಸಾಧನವೂ ಆಗಿತ್ತೆಂಬುದು ನಮ್ಮ ಏಕೀಕರಣದ ಚರಿತ್ರೆಗಳಲ್ಲಿ ಅಷ್ಟಾಗಿ ಬಂದಿಲ್ಲ.

ಈ ಪಲಾಯನವನ್ನು ತಡೆಯಲೆಂದೇ ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಇಡೀ ದೇಶಕ್ಕೆ ತಂದಿತು. ಕಚ್ಚಾ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಕಟ್ಟುವವರೂ ಅದರ ಅರ್ಥನಿರೂಪಣೆಯಲ್ಲಿ ಉದ್ಯೋಗಿಗಳು. ಆದರೆ ಜಾರಿ ರಾಜ್ಯಗಳ ಕೈಯಲ್ಲಿತ್ತು, ರಾಜ್ಯಗಳು ಒಂದೇ ದಿನ ಜಾರಿಗೆ ತರಲಿಲ್ಲ. ಕೇರಳ 1968ರ ಅಕ್ಟೋಬರಿನಲ್ಲಿ ತಂದಿತು. ಮಂಗಳೂರಿನಲ್ಲಿ ಕೇಂದ್ರವಿದ್ದ ದೊಡ್ಡ ಬೀಡಿ ಉದ್ದಿಮೆ ಕಣ್ಣೂರು ಭಾಗದ ಶಾಖೆಗಳನ್ನು ಮುಚ್ಚಿತು. ಸುಮಾರು 12,000 ಜನ ಕೆಲಸ ಕಳೆದುಕೊಂಡರು. 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದ್ದು ಆ ಹಿನ್ನೆಲೆಯಲ್ಲಿ. ಸಹಕಾರದ ಆ ಯಶಸ್ಸಿನ ಕತೆ ಮಲಯಾಳಂ, ಇಂಗ್ಲಿಷ್ ಬರಹಗಳಲ್ಲಿ ಸಾಕಷ್ಟು ಬಂದಿದೆ. ಕೆಲಸ ಎತ್ತ ಹೋಯಿತೆಂಬ ಇನ್ನೊಂದು ಮಗ್ಗುಲು ಕನ್ನಡಕ್ಕೆ ಹೆಚ್ಚು ಸಂಬಂಧಿಸಿದ್ದು. ಅದು ಗೆರೆಯ ಉತ್ತರಕ್ಕೆ, ಮನೆಯ ಜಗಲಿಗಳಿಗೆ, ಹೆಂಗಸರ ಮಡಿಲಿನ ಮೊರಕ್ಕೆ ಹೋಯಿತು. ಕಾರ್ಖಾನೆಯಲ್ಲಿ ಸಂಘ ಕಟ್ಟಿದ ಗಂಡಸರ ಕೂಲಿ ತಪ್ಪಿ, ಒಬ್ಬರನ್ನೊಬ್ಬರು ಕಾಣದೆ ಕಟ್ಟುವ ಹೆಂಗಸರ ಕೂಲಿ ಮೊದಲಾಯಿತು.

ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1974ರ ಜನವರಿ 31ರಂದು ಕಾಯಿದೆಯನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ ಮತ್ತು ಮೈಸೂರು ರಾಜ್ಯಗಳ ನಿಯಮಗಳು ತಿರಸ್ಕಾರಕ್ಕೆ ಸಾಮಾನ್ಯವಾಗಿ ನೂರಕ್ಕೆ ಐದರ ಮಿತಿ ಹಾಕಿದ್ದವು. ಕಾರ್ಮಿಕ ಬೇಕೆಂದೇ ಕೆಡಿಸಿದ್ದಲ್ಲದಿದ್ದರೆ ತಿರಸ್ಕರಿಸಿದ ಬೀಡಿಗೂ ಅರ್ಧ ದರ ಕೊಡಬೇಕು. ಮನೆಯಲ್ಲಿ ಕಟ್ಟುವವರಿಗೆ ಲಾಗ್ ಪುಸ್ತಕವೂ ಬಂತು. ಕೊಟ್ಟ ಎಲೆ, ಕೊಟ್ಟ ತಂಬಾಕು, ತಂದ ಬೀಡಿ, ಛಾಟ್, ಸಂದ ಕೂಲಿ ಎಲ್ಲ ಅದರಲ್ಲಿ ಬರೆಯಬೇಕು. ಶತಮಾನದ ಕಾಲ ಮಾಲೀಕನ ಪೆಟ್ಟಿಗೆಯಲ್ಲಿದ್ದ ಬರಹ ಮೊದಲ ಬಾರಿಗೆ ದುಡಿಯುವವಳ ಮನೆಯ ಗೂಡಿಗೆ ಬಂದಿತು. 1985ರ ಪಿ.ಎಂ. ಪಟೇಲ್ ತೀರ್ಪಿನಲ್ಲಿ ಭವಿಷ್ಯನಿಧಿಯ ಹಕ್ಕು ಮನೆಯ ಬೀಡಿ ಕಾರ್ಮಿಕರಿಗೂ ಖಚಿತವಾಯಿತು. ಅಲ್ಲಿಯೂ ನಿರ್ಣಾಯಕವಾದದ್ದು ಸಾಮಗ್ರಿ ಕೊಡುವುದು ಮತ್ತು ತಿರಸ್ಕರಿಸುವ ಹಕ್ಕು. ನಾಗಪುರದ ಮೂವರ ವಾದ ಕಾಲು ಶತಮಾನದಲ್ಲಿ ಕಾರ್ಖಾನೆಯಿಂದ ಜಗಲಿಗೆ ಬಂದಿತ್ತು.

ಲಾಗ್ ಪುಸ್ತಕಕ್ಕೂ ಮಿತಿಗಳಿದ್ದವು. ಪುಸ್ತಕ ಒಬ್ಬಳ ಹೆಸರಿನಲ್ಲಿ, ಕಟ್ಟುವವರು ಮೂವರು. ತಾಯಿಯ ಪುಸ್ತಕದಲ್ಲಿ ಹೆಣ್ಣುಮಕ್ಕಳ ಬೀಡಿ ಸೇರಿರುತ್ತದೆ, ಹೆಸರು ಸೇರಿರುವುದಿಲ್ಲ. ಬರೆಯುವ ಕೈ ಈಗಲೂ ಬ್ರಾಂಚಿನದೇ. ಭಾಷೆಯ ತೊಡಕು ಬೇರೆ. ಯಾವುದೇ ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆನ್ನುತ್ತದೆ ಸಂವಿಧಾನದ 350ನೆಯ ಅನುಚ್ಛೇದ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವಿತ್ತಿದೆ. ಈ ಅವಕಾಶಗಳನ್ನು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಹೋರಾಟದಲ್ಲಿ ನೆನೆದಷ್ಟು ಕಾರ್ಮಿಕ ಕಚೇರಿಯ ಅರ್ಜಿಯ ವಿಷಯದಲ್ಲಿ ನೆನೆದದ್ದು ಕಡಿಮೆ. ಬಾಯಿಮಾತಿನ ಕರಾರಿನಲ್ಲಿ ಆಡಿದ ಮಾತೇ ಸಾಕ್ಷ್ಯ. ಅದು ಕನ್ನಡದಲ್ಲಿ ಆಡಿದ್ದಾಗಿದ್ದರೆ ಕನ್ನಡದಲ್ಲಿಯೇ ದಾಖಲಾಗಬೇಕು. ‘ಬಾಕಿ’, ‘ಮುಂಗಡ’, ‘ಬಿಟ್ಟದ್ದು’, ‘ಕಡಿದದ್ದು’ ಎಂಬವುಗಳ ನಡುವಿನ ಭೇದ ಅನುವಾದದಲ್ಲಿ ಜಾರಿದರೆ ಹಣವೂ ಜಾರುತ್ತದೆ.

2019ರ ವೇತನ ಸಂಹಿತೆ ಹಳೆಯ ಕಾಯಿದೆಗಳನ್ನು ಒಟ್ಟುಗೂಡಿಸಿ ಎರಡು ಮುಖ್ಯ ಬದಲಾವಣೆ ತಂದಿದೆ. ಬಾಕಿ ಕೂಲಿಗೆ ಅರ್ಜಿ ಹಾಕುವ ಅವಧಿ ಮೂರು ವರ್ಷ. ಹಿಂದೆ ಅದು ಕನಿಷ್ಠ ವೇತನಕ್ಕೆ ಆರು ತಿಂಗಳು, ವೇತನ ಪಾವತಿಗೆ ಒಂದು ವರ್ಷವಿತ್ತು. ಕೂಲಿ ಸಂದಿಲ್ಲವೆಂಬ ದೂರು ಬಂದರೆ ಸಂದಿದೆಯೆಂದು ತೋರಿಸುವ ಭಾರ ಮಾಲೀಕನದೆಂದು 59ನೆಯ ಸೆಕ್ಷನ್ ನೇರವಾಗಿ ಹೇಳುತ್ತದೆ. 1859ರ ಸಾಕ್ಷ್ಯದ ತಕ್ಕಡಿ ಪೂರ್ತಿ ಮಗುಚಿದಂತಾಯಿತು. ಆದರೆ ಭಾರ ಹೊರಬೇಕಾದ ಮಾಲೀಕ ಯಾರೆಂದು ಮೊದಲು ಗೊತ್ತಾಗಬೇಕಲ್ಲ.

ಜತ್ತ ಮತ್ತು ವಿಜಯಪುರ ಸೀಮೆಗಳ ಒಣಭೂಮಿಯಿಂದ ಪ್ರತಿವರ್ಷ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುವ ಕಬ್ಬು ಕಡಿಯುವವರಲ್ಲಿ ಆ ಪ್ರಶ್ನೆ ಹಾಗೆಯೇ ಉಳಿದಿದೆ. ಅವರ ಲೆಕ್ಕದ ಘಟಕ ‘ಕೊಯ್ತಾ’, ಸಾಮಾನ್ಯವಾಗಿ ಗಂಡ ಹೆಂಡತಿ ಸೇರಿ ಒಂದು. ಹಂಗಾಮಿಗೆ ಮೊದಲು ಮುಕಾದಮನಿಂದ ‘ಉಚಲ್’ ಪಡೆಯುತ್ತಾರೆ. ಟನ್ನಿನ ಲೆಕ್ಕದ ಕೂಲಿ ಅದರಲ್ಲಿ ವಜಾ ಆಗುತ್ತಾ ಹೋಗುತ್ತದೆ. ಕೊನೆಗೆ ಬಾಕಿ ಯಾರಿಗೆ ಎಂಬುದನ್ನು ಮುಕಾದಮನ ವಹಿ ಹೇಳುತ್ತದೆ, ಹೆಚ್ಚಾಗಿ ಅದು ಕಡಿದವರ ಮೇಲೆಯೇ ನಿಲ್ಲುತ್ತದೆ. ಬರಹದ ಕರಾರು ಇರುವುದು ಕಾರ್ಖಾನೆಯ ಕಡೆಯವರು ಮತ್ತು ಮುಕಾದಮ ಅಥವಾ ಸಾಗಣೆದಾರನ ನಡುವೆ. ಕಡಿಯುವವರ ಹೆಸರು ಅದರಲ್ಲಿಲ್ಲ. ಸೇಲಂನ ಬೀಡಿ ಮಧ್ಯವರ್ತಿಗಳ ಕಾಗದಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. 1978ರಲ್ಲಿ ಕಲ್ಲಿಕೋಟೆಯ ಹಗ್ಗದ ಕಾರ್ಖಾನೆಯ ಹುಸೇನ್‌ಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ನಡುವಿನ ಗುತ್ತಿಗೆದಾರರನ್ನು ಸರಿಸಿ, ಕಾರ್ಮಿಕರ ಹೊಟ್ಟೆಪಾಡಿನ ಮೇಲೆ ಆರ್ಥಿಕ ಹಿಡಿತ ಯಾರದೋ ಅವನೇ ಮಾಲೀಕನೆಂದಿದ್ದರು. ಬೀಡಿಯಲ್ಲಿ ಆ ಹಿಡಿತ ಛಾಟ್‌ನ ಎಣಿಕೆಯಲ್ಲಿ ಕಂಡಿತು. ಕಬ್ಬಿನಲ್ಲಿ ಅದು ಎರಡು ಚೀಟಿಗಳಲ್ಲಿದೆ: ಇಂದು ಯಾವ ಹೊಲ ಕಡಿಯಬೇಕೆಂದು ಕಾರ್ಖಾನೆ ಕೊಡುವ ಕಟಾವಿನ ಚೀಟಿ, ಸಂಜೆ ತೂಕದ ಕಾಟಾದಲ್ಲಿ ಟನ್ನು ನಮೂದಾಗುವ ಚೀಟಿ. ಎರಡೂ ಕಾರ್ಖಾನೆಯ ಕಚೇರಿಯಲ್ಲಿ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿರುತ್ತವೆ.